ಹನ್ನೊಂದು ಡಿಗ್ರಿ

ಗಾಳಿ ಮಾಪನ ವೇದಿಕೆ, ಉತ್ತರ ಸಮುದ್ರ
ಅಕ್ಟೋಬರ್ ೧೯, ಮಧ್ಯಾಹ್ನದ ಚಹಾದ ಹೊತ್ತು

ಪ್ರೀತಿಯ ಉಬ್ಬೋ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಈಗ ಹೇಗಿದೆ? ಸ್ಪೇನಿನ ಬಿಸಿಲಿಗೆ ನಿನ್ನ ಎಲ್ಲ ನೋವೂ ಕರಗಿಹೋಗಿರುತ್ತದೆ ಎಂದು ಅಮ್ಮನ ನಂಬಿಕೆ. ಕಳೆದ ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿನಲ್ಲಿ ‘ಚೆನ್ನಾಗಿದ್ದೇನೆ, ಇಲ್ಲಿ ಬರೀ ಮಳೆ’ ಎಂಬ ಒಂದೇ ಸಾಲಿತ್ತಲ್ಲ, ಅದನ್ನು ಅವಳು ನಂಬಲೇ ಇಲ್ಲ. ‘ಸ್ಪೇನಲ್ಲಿ ಎಲ್ಲಿಂದ ಬಂತು ಮಳೆ? ನಾವು ಹೊಟ್ಟೆ ಉರ್ಕೋಬಾರ್ದು ಅಂತ ಬರ್ದಿದಾನೆ’ ಎಂದು ಕಾರ್ಡನ್ನು ಕಿಟಕಿಗೆ ಒರಗಿಸಿ ಇಟ್ಟಳು. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯ ತಾನೆ? ದಿನವಿಡೀ ತೆಪ್ಪದ ಮೇಲೆ ಬಗ್ಗಿ ಪಚ್ಚಿಲೆ ಚಿಪ್ಪುಮೀನು ಬೆಳೆಸುವ ಹಗ್ಗ ಎಳೆಯುವವನು ಸಂಜೆ ಒಣಬ್ರೆಡ್ಡು ತಿಂದು ಮಲಗಿದರೆ ಬೆನ್ನು ಹೇಗೆ ನೆಟ್ಟಗಾದೀತು? ಅಮ್ಮ ಆರೋಗ್ಯವಾಗಿದ್ದಾಳೆ. ಎಡ ಮೊಣಕಾಲು ಮಾತು ಕೇಳುವುದಿಲ್ಲ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ನಾನೂ ಚೆನ್ನಾಗಿದ್ದೇನೆ, ಅಥವಾ ಇಂದು ಬೆಳಿಗ್ಗೆಯವರೆಗೆ ಚೆನ್ನಾಗಿದ್ದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಆದ್ದರಿಂದ ಈ ಕಾಗದ. ನೀವು ಚಿಪ್ಪಿನ ಕೆಲಸದವರು ಊಟಕ್ಕೆ ಸೇರುವ ಹೋಟೆಲಿನ ವಿಳಾಸಕ್ಕೇ ಹಾಕುತ್ತೇನೆ. ಓದದೆ ಎಸೆದೀಯ, ಜೋಕೆ.

ನಾನೀಗ ಎಲ್ಲಿದ್ದೇನೆ ಎಂಬುದನ್ನು ಮೇಲಿನ ಸಾಲಿನಲ್ಲೇ ನೋಡಿರುತ್ತೀಯ. ಹೌದು, ಅದೇ ವೇದಿಕೆ, ಅದೇ ಹಳದಿ ಕಾಲುಗಳು, ಕುಳಿತರೆ ಕಿರುಗುಟ್ಟುವ ಅದೇ ಬೆಂಚು. ಜೊತೆಗೆ ಹಿಲ್ರಿಕ್. ಅವನಿಗೆ ಬರುವ ವರ್ಷ ನಿವೃತ್ತಿ. ಈ ಸಲ ನಾವು ಬಂದಿರುವುದು ನಿನ್ನ ಬಾಣವನ್ನು ಕೆಳಗಿಳಿಸಲು. ಕಂಬದ ತುದಿಯಲ್ಲಿ ಹನ್ನೆರಡು ವರ್ಷದ ಹಿಂದೆ ನೀನು ಕೂರಿಸಿದ, ಗಾಳಿಯ ದಿಕ್ಕು ತೋರಿಸುವ ಆ ಬಾಣವೇ. ಅದರ ಆಯುಸ್ಸು ಮುಗಿಯಿತು, ಹೊಸದು ಬಂದಿದೆ. ನಮ್ಮ ಕಸುಬಿನ ಕಟ್ಟಳೆ ನಿನಗೆ ಗೊತ್ತೇ ಇದೆ: ತಪ್ಪು ತೋರಿಸುವ ಯಂತ್ರವನ್ನು ಮುಟ್ಟಬಾರದು, ಎಷ್ಟು ತಪ್ಪು ಎಂದು ಬರೆದಿಟ್ಟುಕೊಂಡು ಅಷ್ಟನ್ನು ಕಳೆದು ಓದಬೇಕು. ಹಾಗಾಗಿಯೇ ನಿನ್ನ ಬಾಣ ಹನ್ನೊಂದು ಡಿಗ್ರಿ ಓರೆಯಾಗಿಯೇ ಇಷ್ಟು ದಿನ ನಿಂತಿತ್ತು. ಆದರೆ ಬಿಚ್ಚುವ ಮುನ್ನ ಅದರ ಗುರಿಯನ್ನು ಮತ್ತೊಮ್ಮೆ ಅಳೆಯಲೇಬೇಕು. ಈ ಕೆಲಸವನ್ನು ಕಚೇರಿಯಲ್ಲಿ ನಾನೇ ಕೇಳಿ ಪಡೆದೆ. ನೀನು ಹೋದ ಮೇಲೆ ಕಂಬ ಹತ್ತುವವಳು ನಾನೇ ಆಗಿದ್ದರೂ ಬಾಣದ ಹತ್ತಿರಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ಅದನ್ನು ಕಂಬಕ್ಕೆ ಬಿಗಿದ ಪಟ್ಟಿ ಸಡಿಲವಿತ್ತೋ, ತುಕ್ಕು ಹಿಡಿದಿತ್ತೋ, ಬಿರುಗಾಳಿಗೆ ತಿರುಗಿತೋ, ನಿನ್ನ ಕೈಯದಲ್ಲದ ಏನಾದರೊಂದು ಕಾರಣ ಸಿಕ್ಕೀತು, ಊರಿನಲ್ಲಿ ನಿನ್ನ ಹೆಸರನ್ನು ತೊಳೆದು ಒಣಹಾಕಬಹುದು ಎಂಬ ಆಸೆ ನನಗೆ.

ಹೆಸರಿನ ಮಾತು ಬಂತಲ್ಲ, ನಿನಗೆ ಇದುವರೆಗೂ ಯಾರೂ ಹೇಳಿರಲಾರದ್ದನ್ನು ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ರಸ್ತೆಯ ಮೇಲೆ ಗುಂಡು ಉರುಳಿಸುವ ಪಂದ್ಯಗಳಲ್ಲಿ, ಯಾರ ಗುಂಡಾದರೂ ಓರೆ ಹೋಗಿ ಕಾಲುವೆಗೆ ಬಿದ್ದರೆ ಈಗ ‘ಉಬ್ಬೋ ಹೋಯ್ತು!’ ಎಂದು ಕೂಗುತ್ತಾರೆ. ನಾಲ್ಕು ವರ್ಷದಿಂದ ಹೀಗೇ. ನಿನ್ನನ್ನು ಕಂಡೇ ಇರದ ಚಿಳ್ಳೆಪಿಳ್ಳೆಗಳೂ ಕೂಗುತ್ತವೆ. ಹೋದ ಫೆಬ್ರವರಿಯಲ್ಲಿ ಅಮ್ಮ ಉದ್ದ ಕೋಲಿನ ಜಾಲರಿ ಹಿಡಿದು ಕಾಲುವೆಯಿಂದ ಗುಂಡು ತೆಗೆಯಲು ನಿಂತಿದ್ದಳು. ಪಕ್ಕದ ಊರಿನವನೊಬ್ಬ, ಪಾಪ, ಅವಳು ಯಾರೆಂದು ತಿಳಿಯದೆ, ‘ಅಜ್ಜೀ, ಉಬ್ಬೋ ಹೋಯ್ತು ನೋಡಿ, ಆ ಕಡೆ, ಇನ್ನೂ ಆ ಕಡೆ’ ಎಂದ. ಅಮ್ಮ ಕೋಲನ್ನು ಕಾಲುವೆಗೇ ಎಸೆದು, ಆ ಮೊಣಕಾಲಿನಲ್ಲಿ ಮೂರು ಕಿಲೋಮೀಟರು ನಡೆದು ಮನೆಗೆ ಹೋದಳು. ಅಣ್ಣಾ, ಅವಳ ಹಿಂದೆ ಓಡಬೇಕಿದ್ದವಳು ನಾನು. ನಾನು ಅಲ್ಲೇ ನಿಂತಿದ್ದೆ, ಎಲ್ಲರೂ ನಗುತ್ತಿದ್ದರಲ್ಲ, ನಾನೂ ಸ್ವಲ್ಪ ನಕ್ಕೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾವು ಬಂದ ದಿನವೇ ಮಂಜು ಮುಸುಕಿತು. ಎಂಥ ಮಂಜು ಅಂತೀಯ! ಮೂರು ಹಗಲು ಸಮುದ್ರವೇ ಇರಲಿಲ್ಲ. ಅಂಚಿನ ಕಂಬಿಯ ಆಚೆ ಬಿಳಿ, ಕೆಳಗೆ ಬಿಳಿ, ಮೇಲೆ ಕಂಬವೂ ಹತ್ತು ಮೆಟ್ಟಿಲಾದ ಮೇಲೆ ಬಿಳಿ. ನೀರಿನ ಸದ್ದು ಮಾತ್ರ ಇತ್ತು, ಅದೂ ಕೆಳಗಿನಿಂದ ಬರುತ್ತಿದೆಯೋ ಮೇಲಿನಿಂದಲೋ ಹೇಳುವುದು ಕಷ್ಟ. ಯಾರೋ ಹತ್ತಿರದಲ್ಲೇ ನಿಟ್ಟುಸಿರು ಬಿಟ್ಟ ಹಾಗೆ ಆಗಾಗ ಕೇಳಿಸುತ್ತಿತ್ತು. ಕಡಲಹಂದಿಗಳು, ಉಸಿರಿಗೆಂದು ಮೇಲೆ ಬಂದವು, ಕಾಣದಿದ್ದರೂ ನಾನು ಅವಕ್ಕೆ ‘ಮೊಯಿನ್’ ಎಂದು ನಮಸ್ಕಾರ ಹೇಳುತ್ತಿದ್ದೆ. ದಕ್ಷಿಣದ ಗಾಳಿಯಂತ್ರಗಳ ಸಾಲುಗಳಿವೆಯಲ್ಲ, ನಿನ್ನ ಬಾಣವನ್ನು ನಂಬಿ ಓರೆಯಾಗಿ ನಿಲ್ಲಿಸಿದ್ದರಿಂದ ಈಗ ಒಂದರ ಬೆನ್ನಿನ ಗಾಳಿಯನ್ನು ಇನ್ನೊಂದು ತಿನ್ನುತ್ತಿರುವವು, ಅವುಗಳಲ್ಲಿ ಒಂದರ ರೆಕ್ಕೆಯ ತುದಿ ಮಾತ್ರ ಒಮ್ಮೆ ಮಂಜಿನಿಂದ ಹೊರಬಂದು ಹಾಗೇ ನಿಂತಿತ್ತು. ನಾನು ನೋಡುತ್ತಲೇ ಇದ್ದೆ, ಅದು ಅಲ್ಲಾಡಲಿಲ್ಲ. ಗಾಳಿ ಎಂಬುದೇ ಇರಲಿಲ್ಲ. ಮೂರು ದಿನ ನಮ್ಮ ಯಂತ್ರಗಳೆಲ್ಲ ಸೊನ್ನೆ ಬರೆದವು. ‘ಗಾಳಿ ಅಳೀರಿ ಅಂತ ನಮ್ಮನ್ನ ಇಲ್ಲಿ ತಂದು ಬಿಟ್ಟಿದಾರೆ, ಗಾಳಿಗೇ ರಜೆ ಕೊಟ್ಟಿದಾರೆ ಮಾರಾಯ್ತಿ’ ಎಂದು ಹಿಲ್ರಿಕ್ ಚಹಾಕ್ಕೆ ನೀರಿಟ್ಟ.

ಅವನ ಚಹಾದ ಶಿಸ್ತು ನಿನಗೆ ಗೊತ್ತಲ್ಲ. ಲೋಟದ ತಳಕ್ಕೆ ಕಲ್ಲುಸಕ್ಕರೆ, ಅದರ ಮೇಲೆ ಕಡುಚಹಾ, ಸಕ್ಕರೆ ಚಟಚಟ ಎಂದು ಸಿಡಿಯುವುದನ್ನು ತಲೆಬಾಗಿ ಕೇಳಬೇಕು, ಆಮೇಲೆ ಅಂಚಿನಗುಂಟ ಕೆನೆ, ಗಡಿಯಾರದ ಎದುರು ದಿಕ್ಕಿಗೆ, ಕಾಲ ನಿಲ್ಲಲಿ ಎಂದು. ಕಲಕಿದರೆ ಕೊಂದುಬಿಡುತ್ತಾನೆ. ಮೂರು ಲೋಟ ಆಗದೆ ಏಳುವಂತಿಲ್ಲ. ಎರಡನೆಯ ದಿನವೋ ಮೂರನೆಯದೋ, ಇದು ಬೆಳಗಿನ ಚಹಾವೋ ಮಧ್ಯಾಹ್ನದ್ದೋ ಎಂದು ನಮ್ಮಿಬ್ಬರಿಗೂ ತಿಳಿಯದೆ ಹೋಯಿತು. ‘ಕೆನೆ ಜಾಸ್ತಿ ಹಾಕ್ಬಿಟ್ಟೆ ಅನ್ಸುತ್ತೆ ಕಣೇ, ನಿಜವಾಗ್ಲೂ ನಿಂತೋಯ್ತು’ ಎಂದ ಹಿಲ್ರಿಕ್, ನಗದೆ. ಅಷ್ಟರಲ್ಲಿ ಹಕ್ಕಿಗಳು ಬರತೊಡಗಿದವು. ನಾರ್ವೆ ಬಿಟ್ಟು ಹೊರಟವು, ಮಂಜಿನಲ್ಲಿ ದಾರಿ ತಪ್ಪಿ ನಮ್ಮ ಮೇಲೆ ಉದುರಿದವು. ನೆತ್ತಿಯಲ್ಲಿ ಹಳದಿ ಗೀರಿರುವ, ಹೆಬ್ಬೆರಳಿನಷ್ಟೇ ಇರುವವು ನಿನಗೆ ನೆನಪಿವೆಯಲ್ಲ, ಅವು ಹಗ್ಗದ ಮೇಲೆ, ಬಾಗಿಲ ಹಿಡಿಯ ಮೇಲೆ, ಹಿಲ್ರಿಕ್‌ನ ಉಣ್ಣೆ ಟೋಪಿಯ ಮೇಲೆ. ಎಣಿಸುವುದು ನನ್ನ ಕೆಲಸ. ನೂರ ಹದಿನಾಲ್ಕರವರೆಗೆ ಎಣಿಸಿ ಬಿಟ್ಟೆ, ಏಕೆಂದರೆ ಒಂದು ನನ್ನ ಪೆನ್ಸಿಲಿನ ಮೇಲೇ ಕುಳಿತು ಕಣ್ಣುಮುಚ್ಚಿತು. ಭಾರವೇ ಇಲ್ಲ ಅಣ್ಣಾ. ಬರೆಯಲೂ ಆಗದೆ, ಕೈ ಕೆಳಗಿಡಲೂ ಆಗದೆ, ಅದರ ಎದೆ ಏರಿಳಿಯುವುದನ್ನು ನೋಡುತ್ತ ಎಷ್ಟು ಹೊತ್ತು ಕುಳಿತಿದ್ದೆನೋ. ನನಗೂ ಜೊಂಪು ಹತ್ತಿರಬೇಕು. ನೀನು ಮೇಲೆ ಕಂಬದ ತುದಿಯಲ್ಲಿದ್ದೀಯ, ಈಗಿನ್ನೇನು ವಾಕಿಟಾಕಿಯಲ್ಲಿ ನನ್ನನ್ನು ಬೈಯುತ್ತೀಯ ಎಂದೇ ಅನ್ನಿಸುತ್ತಿತ್ತು.

ಆ ದಿನವೇ ಕಣ್ಣ ಮುಂದೆ ಬರುತ್ತಿತ್ತು. ನಾನು ಕೆಲಸಕ್ಕೆ ಸೇರಿ ಮೂರು ವಾರ. ಪರವಾನಗಿ ಇನ್ನೂ ಬಂದಿರಲಿಲ್ಲ, ಅಳತೆಯ ದುರ್ಬೀನನ್ನು ಮುಟ್ಟುವ ಹಕ್ಕೇ ನನಗಿರಲಿಲ್ಲ. ‘ಒಂದೇ ಒಂದು ಸಲ ಕಣೋ, ಪ್ಲೀಸ್ ಕಣೋ’ ಎಂದು ನಿನ್ನ ಪ್ರಾಣ ತಿಂದೆ. ನೀನು ತಲೆ ಚಚ್ಚಿಕೊಂಡು ಒಪ್ಪಿದೆ. ನೀನು ಮೇಲೆ ನೂರು ಮೀಟರು ಎತ್ತರದಲ್ಲಿ, ಬಾಣ ಕೂರುವ ಅಲುಗದ ತೋಳು ಹಿಡಿದು ನಿಂತೆ, ನಾನು ಕೆಳಗೆ ದುರ್ಬೀನಿನ ಹಿಂದೆ. ದುರ್ಬೀನನ್ನು ಇಪ್ಪತ್ತು ಕಿಲೋಮೀಟರು ದೂರದ ನಮ್ಮ ದ್ವೀಪದ ಪಶ್ಚಿಮ ತುದಿಯ ದೀಪಸ್ತಂಭಕ್ಕೆ ನಿಲ್ಲಿಸಬೇಕು, ಅದೇ ಗೆರೆಯಲ್ಲಿ ಮೇಲಕ್ಕೆತ್ತಿ, ಎಡಕ್ಕೆ, ಬಲಕ್ಕೆ ಎಂದು ನಿನಗೆ ಹೇಳಿ ತೋಳನ್ನು ಆ ಗೆರೆಗೆ ತರಬೇಕು. ಮೇಲಿದ್ದ ನಿನಗೆ ತೋಳೂ ಬೋಲ್ಟೂ ಬಿಟ್ಟು ಬೇರೇನೂ ನೋಡಲು ಬಿಡುವಿರಲಿಲ್ಲ. ತೆಳುವಾದ ಮಂಜಿತ್ತು. ‘ಸಿಕ್ತು ಸಿಕ್ತು!’ ಎಂದು ನಾನು ಕೂಗಿದೆ. ‘ದೀಪಸ್ತಂಭಾನೇ ತಾನೆ?’ ಎಂದೆ ನೀನು. ‘ಹೂಂ ಕಣೋ.’ ‘ಇನ್ನೊಂದ್ಸಲ ನೋಡೇ.’ ‘ಅಯ್ಯೋ, ನಂಗೇನು ಕಣ್ಣು ಕುರುಡಾ? ಬೋಲ್ಟು ಬಿಗಿಯೋ!’ ನೀನು ಬಿಗಿದೆ. ವರದಿಯಲ್ಲಿ ನೀನು ಎರಡೂ ಜಾಗದಲ್ಲಿ ನಿನ್ನದೇ ಹೆಸರು ಬರೆದೆ, ಅಳೆದವನೂ ನೀನೇ, ಬಿಗಿದವನೂ ನೀನೇ. ಎಂಟು ವರ್ಷದ ಮೇಲೆ, ಮಾರ್ಚ್ ಹತ್ತರಂದು, ಹನ್ನೊಂದು ಡಿಗ್ರಿ ಎಲ್ಲಿಂದ ಬಂತು ಎಂದು ಕಚೇರಿಯವರು ಕೇಳಿದಾಗ, ನೀನು ‘ನನ್ನ ಕೈ ಜಾರಿತ್ತು’ ಎಂದೆ. ನಾನು ನಂಬಿದೆ. ನನ್ನ ಕಣ್ಣಿನ ಮೇಲೆ ನನಗೆ ಅಷ್ಟು ನಂಬಿಕೆ. ‘ಅಷ್ಟು ವರ್ಷ ಕಸುಬು ಮಾಡ್ದೋನು ಒಂದು ಬೋಲ್ಟು ನೆಟ್ಟಗೆ ಬಿಗಿಯಕ್ಕಾಗ್ಲಿಲ್ವಾ?’ ಎಂದು ಅಡುಗೆಮನೆಯಲ್ಲಿ ಅಮ್ಮನ ಎದುರು ನಿನ್ನ ಮೇಲೆ ರೇಗಿದ್ದೆ ಕೂಡ. ನೀನು ಬೂಟಿನ ದಾರ ಕಟ್ಟುತ್ತಿದ್ದೆ, ಕಟ್ಟಿಯೇ ಕಟ್ಟಿದೆ, ತಲೆ ಎತ್ತಲಿಲ್ಲ. ಆ ವಾರವೇ ಊರು ಬಿಟ್ಟೆ.

ಇವತ್ತು ಬೆಳಿಗ್ಗೆ ಮಂಜು ಎದ್ದಿತು. ಯಾರೋ ಹಾಸಿಗೆಯ ಹೊದಿಕೆ ತೆಗೆದ ಹಾಗೆ, ಒಂದೇ ಸಲಕ್ಕೆ. ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು, ಅಷ್ಟು ಚಿಕ್ಕವಾದರೂ ಅಷ್ಟೂ ರೆಕ್ಕೆಗಳ ಸದ್ದು ಕೇಳಿಸಿತು. ಏಳದೆ ಉಳಿದ ಒಂಬತ್ತನ್ನು ಹಿಲ್ರಿಕ್ ಟೋಪಿ ತೆಗೆದು ಡಬ್ಬಿಯಲ್ಲಿಟ್ಟ. ಸಮುದ್ರ ಹಸಿರು ಗಾಜಾಗಿತ್ತು, ನಮ್ಮ ದ್ವೀಪ ಕೈಯಳತೆಯಲ್ಲಿದ್ದ ಹಾಗೆ ಕಾಣುತ್ತಿತ್ತು. ಪಶ್ಚಿಮಕ್ಕೆ ಬಿಳಿಪಟ್ಟೆಯ ದೀಪಸ್ತಂಭ, ಪೂರ್ವಕ್ಕೆ ನಾವು ಹುಟ್ಟಿದ ಓಣಿಯ ಇಟ್ಟಿಗೆಯ ಇಗರ್ಜಿ ಗೋಪುರ. ದುರ್ಬೀನನ್ನು ಮೊದಲು ನಿನ್ನ ಬಾಣದ ತೋಳಿಗೆ ನಿಲ್ಲಿಸಿ, ಅದೇ ಗೆರೆಯಲ್ಲಿ ಮೆಲ್ಲಗೆ ಕೆಳಗಿಳಿಸಿದೆ. ಗೆರೆ ಬಂದು ನಿಂತದ್ದು ಇಗರ್ಜಿಯ ಗೋಪುರದ ಮೇಲೆ. ಅತ್ತಿತ್ತ ಒಂದು ಕೂದಲೂ ಇಲ್ಲ. ಅಲ್ಲಿಂದ ದೀಪಸ್ತಂಭಕ್ಕೆ ಅಳೆದೆ, ಮೂರು ಸಲ ಅಳೆದೆ. ಹನ್ನೊಂದು ಡಿಗ್ರಿ.

ಅರ್ಥವಾಯಿತಲ್ಲ ಅಣ್ಣಾ? ಅಂದಿನ ಮಂಜಿನಲ್ಲಿ ಬಿಳಿಯ ದೀಪಸ್ತಂಭ ಮುಳುಗಿಹೋಗಿತ್ತು, ಕಂಡದ್ದು ಕಪ್ಪಗಿನ ಇಗರ್ಜಿ ಗೋಪುರ ಒಂದೇ. ಊರು ಬಿಟ್ಟು ಮೂರು ವಾರವಾಗಿದ್ದ ಹುಡುಗಿ, ಮನೆಯ ನೆನಪಾಗಿ ರಾತ್ರಿಯೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದವಳು, ದುರ್ಬೀನಿನಲ್ಲಿ ತನ್ನ ಓಣಿಯ ಗೋಪುರ ಕಂಡು ಕುಣಿದಳು. ಕಣ್ಣು ತಾನಾಗಿ ಮನೆ ಕಡೆ ಹೋಯಿತು, ಬಾಯಿ ಅದನ್ನೇ ದೀಪಸ್ತಂಭ ಎಂದಿತು. ಬೇರೆ ಯಾವ ಊರಿನವರಾಗಿದ್ದರೂ ಎರಡು ಸಲ ನೋಡುತ್ತಿದ್ದರು. ನಾನು ನೋಡಲಿಲ್ಲ. ನಿನ್ನ ಕೈ ಜಾರಿದ್ದಲ್ಲ, ನನ್ನ ಕಣ್ಣು ಜಾರಿದ್ದು.

ಹಿಲ್ರಿಕ್‌ಗೆ ಹೇಳಿದೆ. ಅವನು ಬಹಳ ಹೊತ್ತು ಪಶ್ಚಿಮಕ್ಕೂ ಪೂರ್ವಕ್ಕೂ ನೋಡಿದ. ಆಮೇಲೆ, ‘ಸುಮ್ನಿರು ತಂಗಿ’ ಎಂದ. ‘ಬೋಲ್ಟು ಜಾರಿ ಗೋಪುರಕ್ಕೆ ಬಂದು ನಿಂತಿದ್ರೂ ನಿಂತಿರಬೋದು. ಯಾರಿಗೆ ಗೊತ್ತು? ಅವನು ಹೊಣೆ ಹೊತ್ತು ಹೋಗಿ ನಾಲ್ಕು ವರ್ಷ ಆಯ್ತು. ಪರವಾನಗಿ ಇಲ್ದೆ ದುರ್ಬೀನು ಮುಟ್ಟಿದೆ ಅಂತ ಗೊತ್ತಾದ್ರೆ ನಿನ್ನನ್ನ ಈ ಕಂಬಾನೂ ಹತ್ತಿಸಲ್ಲ, ಯಾವ ಕಂಬಾನೂ ಹತ್ತಿಸಲ್ಲ. ಮನೇಲಿ ಇಬ್ರೂ ಕೆಲಸ ಕಳ್ಕೊಂಡು ಯಾರಿಗೆ ಲಾಭ?’ ಅವನು ಕೆಟ್ಟವನಲ್ಲ, ನಿನಗೇ ಗೊತ್ತು. ಹೇಳಿ ಮೂರನೆಯ ಲೋಟ ಬಗ್ಗಿಸಿದ. ನಾನು ಕಲಕಿಬಿಟ್ಟೆ, ಅವನು ನೋಡಿಯೂ ಸುಮ್ಮನಿದ್ದ.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿದೆ. ಈ ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಮೇಲೆ ಹತ್ತಿ ನಿಂತಾಗ ಆಗುವ ಆ ಹಗುರ ನಿನಗೆ ಬಿಟ್ಟು ಇನ್ನಾರಿಗೆ ಹೇಳಲಿ? ಹಿಲ್ರಿಕ್ ಹೇಳಿದ್ದು ಸರಿಯಿದ್ದರೂ ಇರಬಹುದು, ಬೋಲ್ಟೇ ಜಾರಿದ್ದರೂ ಜಾರಿರಬಹುದು ಎಂದು ಒಂದು ಮನಸ್ಸು ಹೇಳುತ್ತದೆ. ಆ ಮನಸ್ಸನ್ನು ಕಂಡರೆ ನನಗೆ ಅಸಹ್ಯ, ಆದರೂ ಅದರ ಮಾತು ಕೇಳಲು ಇಂಪಾಗಿದೆ. ವರದಿಯ ಹಾಳೆ ಎದುರಿಗಿದೆ, ‘ತಪ್ಪಿನ ಕಾರಣ’ ಎಂಬ ಮನೆ ಖಾಲಿ ಇದೆ. ಅದನ್ನು ತುಂಬಿಸಲಾರದೆ ನಿನಗೆ ಕಾಗದ ಬರೆಯುತ್ತ ಕುಳಿತಿದ್ದೇನೆ, ಇದಿಷ್ಟೇ ಸತ್ಯ. ಇನ್ನು ಸ್ವಲ್ಪ ಹೊತ್ತಿಗೆ ಮೇಲೆ ಹತ್ತಿ ಬಾಣ ಬಿಚ್ಚಬೇಕು. ಸಂಜೆಗೆ ದೋಣಿ ಬರುತ್ತದೆ.

ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ಚಳಿಗಾಲ ಬರುತ್ತಿದೆ, ಅಮ್ಮ ಹೆಣೆದ ಬೂದು ಸ್ವೆಟರನ್ನು ಪೆಟ್ಟಿಗೆಯ ತಳದಲ್ಲೇ ಕೊಳೆಸಬೇಡ. ಹಿಲ್ರಿಕ್ ನಿನಗೆ ನಮಸ್ಕಾರ ಹೇಳಿದ್ದಾನೆ, ಸ್ಪೇನಿನವರಿಗೆ ಚಹಾ ಮಾಡುವುದನ್ನು ಕಲಿಸಿದೆಯಾ ಎಂದು ಕೇಳುತ್ತಾನೆ. ಅಮ್ಮನ ಆಶೀರ್ವಾದ ಕೇಳದೆಯೇ ಸೇರಿಸುತ್ತಿದ್ದೇನೆ, ಅವಳು ದಿನವೂ ಕಿಟಕಿಯ ಕಾರ್ಡಿಗೆ ಹೇಳುತ್ತಲೇ ಇರುತ್ತಾಳೆ.

ನಿನ್ನ ತಂಗಿ,
ಗೇಶೆ

ತಾ.ಕ.: ದೋಣಿ ಕಾಣಿಸುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಸಹಿಸಿಕೋ. ಕಂಬದಿಂದ ಇಳಿದು ಒಂದು ಗಂಟೆಯಾಯಿತು. ಬೋಲ್ಟು ಬಿಗಿದ ಮೇಲೆ, ನಟ್ಟಿನಿಂದ ಪಟ್ಟಿಯವರೆಗೆ ಅಡ್ಡಲಾಗಿ ನಾವು ಕೆಂಪು ಬಣ್ಣದ ಗೀಟು ಎಳೆಯುತ್ತೇವಲ್ಲ, ನಟ್ಟು ಒಂದು ಕೂದಲು ಅಲುಗಿದರೂ ಗೀಟು ಮುರಿಯಲಿ ಎಂದು, ನೀನು ಅಂದು ಎಳೆದ ಗೀಟು ಹಾಗೇ ಇದೆ. ಮುರಿದಿಲ್ಲ. ಪಕ್ಕದಲ್ಲಿ ನಿನ್ನ ಕೈಬರಹದಲ್ಲಿ ಎರಡು ತಾರೀಕುಗಳಿವೆ. ಒಂದು, ನಾವಿಬ್ಬರೂ ಬಾಣ ಕೂರಿಸಿದ ದಿನದ್ದು. ಇನ್ನೊಂದು ನಾಲ್ಕು ವರ್ಷದ ಹಿಂದಿನ ಮಾರ್ಚ್ ಒಂಬತ್ತು. ನೀನು ಕಚೇರಿಯಲ್ಲಿ ‘ನನ್ನ ಕೈ ಜಾರಿತ್ತು’ ಎಂದದ್ದು ಮಾರ್ಚ್ ಹತ್ತು. ಹಿಂದಿನ ದಿನವೇ ಹತ್ತಿ ನೋಡಿದ್ದೀಯ. ಕೈ ಜಾರಿಲ್ಲ ಎಂದು ಕಣ್ಣಾರೆ ನೋಡಿ, ತಾರೀಕು ಬರೆದು, ಇಳಿದು ಬಂದು, ಜಾರಿತ್ತು ಎಂದೆ. ಅಡುಗೆಮನೆಯಲ್ಲಿ ನಾನು ರೇಗುವಾಗಲೂ ತಪ್ಪು ನನ್ನದೆಂದು ಗೊತ್ತಿತ್ತು ನಿನಗೆ. ಥೂ, ಎಂಥ ಅಣ್ಣನೋ ನೀನು!

ವೇದಿಕೆಯ ರೇಡಿಯೋದಲ್ಲಿ ಕಚೇರಿಗೆ ಎಲ್ಲವನ್ನೂ ಹೇಳಿಯಾಯಿತು, ಗೀಟಿನ ಫೋಟೋ ಕಳಿಸಿಯಾಯಿತು, ಆ ಖಾಲಿ ಮನೆಯಲ್ಲಿ ನನ್ನ ಹೆಸರು ಬರೆದು ಸಹಿ ಮಾಡಿದ್ದೇನೆ. ನನ್ನ ಪರವಾನಗಿ ಇಂದಿನಿಂದ ತಡೆದಿದ್ದಾರೆ. ನೀನು ಅಲ್ಲಿಂದ ಏನು ಮಾಡಿದರೂ ಈ ವರದಿಯನ್ನು ಇನ್ನು ನಿಲ್ಲಿಸಲು ಆಗುವುದಿಲ್ಲ. ನಾಲ್ಕು ವರ್ಷದಲ್ಲಿ ನೀನು ನನಗೆ ಒಂದು ಮಾತೂ ಅನ್ನಲಿಲ್ಲ ಅಣ್ಣಾ. ಮನೆಗೆ ಬಾ, ಬಂದು ಅಮ್ಮನ ಎದುರಿಗೇ ನನ್ನನ್ನು ಚೆನ್ನಾಗಿ ಬೈದುಬಿಡು.